ಅಜ್ಜಿ ಬರುವ ಹೊತ್ತು

ಸೋಮವಾರ ಬೆಳಗ್ಗೆ ಎಂಟೂಮುಕ್ಕಾಲಿಗೆ ಮ್ಯಾನೇಜರ್ ಫೋನ್ ಮಾಡಿದ್ರೆ ಅದು ಗುಡ್ ಮಾರ್ನಿಂಗ್ ಹೇಳೋಕಲ್ಲ ಅನ್ನೋದು ನಮ್ಮ ಫೀಲ್ಡಿನಲ್ಲಿರೋ ಯಾರಿಗಾದರೂ ಗೊತ್ತು. ನಾನಾಗ ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನಲ್ಲಿ ನಿಂತಿದ್ದೆ. "ಶನಿವಾರ ನೈಟ್ ಶಿಫ್ಟಲ್ಲಿ ಯಾರಿದ್ರು?" ಅಂತ ಕೇಳಿದರು. ಏನಾಯ್ತು ಅಂತ ಅಲ್ಲ, ಯಾರಿದ್ರು ಅಂತ. ಮಾತು ಹಾಗೆ ಶುರುವಾದರೆ ಸಂಜೆಯೊಳಗೆ ಯಾರದೋ ಹೆಸರು ಒಂದು ಮೇಲ್‌ನಲ್ಲಿ ಬರುತ್ತೆ ಅಂತಲೇ ಲೆಕ್ಕ.

ನಮ್ಮದು ಸೆಕ್ಯುರಿಟಿ ಮಾನಿಟರಿಂಗ್ ಮಾಡಿಕೊಡುವ ಸಣ್ಣ ಟೀಮು. ಸಾಲ, ಠೇವಣಿ ವ್ಯವಹಾರದ ಒಂದು ಸಂಸ್ಥೆ ನಮ್ಮ ಕ್ಲೈಂಟು, ಹೆಸರು ಬೇಡ. ಅವರ ಡೇಟಾ ಕಟ್ಟಡ ಬಿಟ್ಟು ಹೊರಗೆ ಹೋಗುವ ಹಾಗಿಲ್ಲ. ಹಾಗಾಗಿ ಕ್ಲೌಡಿನ ಮಾತೇ ಇಲ್ಲ. ಅವರದೇ ಸರ್ವರ್ ರೂಮಿನಲ್ಲಿ, ಅವರೇ ಕೊಂಡ ಮೂರು ಸರ್ವರುಗಳ ಮೇಲೆ ಇಲಾಸ್ಟಿಕ್ ಸೆಕ್ಯುರಿಟಿ ಹಾಕಿಕೊಟ್ಟಿದ್ದೆವು. ಹೆಡ್ ಆಫೀಸಿನ ಮೆಷಿನ್ನುಗಳು, ಊರೂರಿನ ಶಾಖೆಗಳ ಮೆಷಿನ್ನುಗಳು ಎಲ್ಲವೂ ತಮ್ಮಲ್ಲಿ ನಡೆದದ್ದನ್ನೆಲ್ಲ ಲಾಗ್ ಬರೆದು ಅಲ್ಲಿಗೆ ಕಳಿಸುತ್ತವೆ. ಆ ರಾಶಿಯಲ್ಲಿ ಅನುಮಾನದ್ದನ್ನು ಹುಡುಕೋಕೆ ರೂಲ್‌ಗಳಿವೆ. ರೂಲಿಗೆ ಏನಾದರೂ ಸಿಕ್ಕರೆ ಅಲರ್ಟ್ ಬರುತ್ತೆ. ಅಲರ್ಟ್ ನೋಡೋಕೆ ಮೂರು ಶಿಫ್ಟಿನಲ್ಲಿ ಜನ ಇದ್ದಾರೆ.

ಆ ರೂಲ್‌ಗಳನ್ನು ಬರೆದವನು, ಅವುಗಳ ಟೈಮಿಂಗ್ ಸೆಟ್ ಮಾಡಿದವನು ನಾನು.

ಶನಿವಾರ ರಾತ್ರಿ ಒಂದು ಶಾಖೆಯ ಲೋಕಲ್ ಸರ್ವರಿನಲ್ಲಿ, ರಜೆಯಲ್ಲಿದ್ದ ಒಬ್ಬ ಸಿಬ್ಬಂದಿಯ ಯೂಸರ್ ಐಡಿಗೆ ಯಾರೋ ಒಂದೇ ಸಮ ಪಾಸ್‌ವರ್ಡ್ ಹಾಕಿ ನೋಡಿದ್ದರು. 9 ಗಂಟೆ 40 ನಿಮಿಷದಿಂದ 43 ಸಲ ತಪ್ಪಾಗಿದೆ. ವಿಂಡೋಸ್ ಲಾಗಿನಲ್ಲಿ ಇದಕ್ಕೆ 4625 ಅಂತ ನಂಬರು. ಆಮೇಲೆ 9:49ಕ್ಕೆ ಒಂದು 4624. ಅಂದರೆ ಪಾಸ್‌ವರ್ಡ್ ಸರಿಹೋಗಿದೆ, ಒಳಗೆ ಹೋಗಿದ್ದಾರೆ. ಅಷ್ಟು ಸಲ ತಪ್ಪಾದರೂ ಆ ಹಳೇ ಸರ್ವರು ಯಾಕೆ ಲಾಕ್ ಆಗಲಿಲ್ಲ ಅನ್ನೋದು ಬೇರೆ ಕಥೆ. ಪುಣ್ಯಕ್ಕೆ ಆ ಐಡಿಯಿಂದ ಲೆಕ್ಕ ನೋಡಬಹುದಿತ್ತೇ ಹೊರತು ಹಣ ಕದಲಿಸೋಕೆ ಆಗುತ್ತಿರಲಿಲ್ಲ. ಹಣ ಹೋಗಲಿಲ್ಲ. ಆದರೆ ಹತ್ತು ಸಲ ತಪ್ಪಾದರೆ ಕೂಗಬೇಕು ಅಂತ ನಾವು ಇಟ್ಟಿದ್ದ ರೂಲು ಬಾಯಿ ಬಿಟ್ಟಿರಲಿಲ್ಲ. ಶಾಖೆಯವರಿಗೆ ವಿಷಯ ತಿಳಿದದ್ದು ಸೋಮವಾರ, ಆ ಸಿಬ್ಬಂದಿ ರಜೆ ಮುಗಿಸಿ ಬಂದು "ನಾನು ಶನಿವಾರ ಲಾಗಿನ್ ಆಗೇ ಇಲ್ಲವಲ್ಲ" ಅಂದಾಗ.

ಕ್ಲೈಂಟ್ ಕಡೆಯವರು ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿದರು. ಶನಿವಾರ ರಾತ್ರಿಯ ಗ್ರಾಫು. 9:40ರ ಜಾಗದಲ್ಲಿ ಒಂದು ಕಡ್ಡಿ ತೆಂಗಿನಮರದ ಹಾಗೆ ಎದ್ದು ನಿಂತಿತ್ತು. "ಇಷ್ಟು ದೊಡ್ಡದು ಕಾಣಿಸ್ತಿದೆ. ನಿಮ್ಮವರು ನಿದ್ದೆ ಮಾಡ್ತಿದ್ರಾ?" ಅಂತ ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಕಣ್ಣಿಗೆ ರಾಚುವ ಹಾಗಿತ್ತು.

ಶಿಫ್ಟಿನಲ್ಲಿದ್ದದ್ದು ಗದಗ ಕಡೆಯ ಹುಡುಗಿ. ಕೆಲಸಕ್ಕೆ ಸೇರಿ ನಾಲ್ಕು ತಿಂಗಳು, ಇನ್ನೂ ಕಾಂಟ್ರಾಕ್ಟು. ಮಧ್ಯಾಹ್ನ ನನಗೆ ಮೆಸೇಜ್ ಹಾಕಿದಳು: "ಸರ್, ನಾ ಸೀಟ್ ಬಿಟ್ಟು ಎದ್ದಿಲ್ರೀ. ಒಂದೂ ಅಲರ್ಟ್ ಬಂದಿಲ್ಲ. ಆ ಗ್ರಾಫ್‌ನ್ಯಾಗೂ ಅದು ಇರ್ಲಿಲ್ರೀ. ಖರೇನ ಹೇಳಾಕತ್ತೀನಿ." ನಾನು "ನೋಡ್ತೀನಿ" ಅಂತ ಉತ್ತರ ಹಾಕಿದೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನೂ ಹೇಳಿಬಿಡ್ತೀನಿ: ಗ್ರಾಫಿನಲ್ಲಿ ಇದೆಯಲ್ಲಮ್ಮ, ನಾನೇ ಈಗ ನೋಡ್ತಾ ಇದ್ದೀನಲ್ಲ!

ಸಂಜೆ ಆರಕ್ಕೆ ಆ 43 ಲಾಗುಗಳಲ್ಲಿ ಒಂದನ್ನು ಬಿಚ್ಚಿ ಕೂತೆ. ಇಲಾಸ್ಟಿಕ್‌ನಲ್ಲಿ ಒಂದೊಂದು ಲಾಗಿಗೂ ಎರಡು ಹೊತ್ತು ಇರಬಹುದು. ಒಂದು ಟೈಮ್‌ಸ್ಟ್ಯಾಂಪ್, ಅಂದರೆ ಘಟನೆ ನಡೆದ ಹೊತ್ತು. ಇನ್ನೊಂದು ಇವೆಂಟ್ ಇಂಜೆಸ್ಟೆಡ್, ಅಂದರೆ ಆ ಲಾಗು ನಮ್ಮ ಸರ್ವರಿಗೆ ಬಂದು ಸೇರಿದ ಹೊತ್ತು. ಸ್ಪ್ಲಂಕ್ ಉಪಯೋಗಿಸುವವರು ಇದನ್ನೇ ಟೈಮ್ ಮತ್ತು ಇಂಡೆಕ್ಸ್ ಟೈಮ್ ಅಂತಾರೆ. ಆ ಲಾಗಿನಲ್ಲಿ ನಡೆದ ಹೊತ್ತು 21:40. ಬಂದು ಸೇರಿದ ಹೊತ್ತು 22:31.

ಐವತ್ತೊಂದು ನಿಮಿಷ.

ಶನಿವಾರ ರಾತ್ರಿ ಆ ಕಡೆ ಮಳೆ. ಶಾಖೆಯ ಲೈನು ಹೋಗಿತ್ತು. ಲೈನ್ ಹೋದಾಗ ಲಾಗುಗಳು ಕಳೆದುಹೋಗಲ್ಲ, ಶಾಖೆಯಲ್ಲೇ ಕಾಯುತ್ತವೆ, ಲೈನ್ ಬಂದ ತಕ್ಷಣ ಎಲ್ಲ ಒಟ್ಟಿಗೆ ಹೊರಡುತ್ತವೆ. 22:31ಕ್ಕೆ ಬಂದವು. ಆದರೆ ಗ್ರಾಫು ಅವನ್ನು 22:31ರ ಜಾಗದಲ್ಲಿ ತೋರಿಸಲಿಲ್ಲ, ನಡೆದ ಹೊತ್ತಾದ 21:40ರ ಜಾಗಕ್ಕೆ ಕೊಂಡೊಯ್ದು ನಿಲ್ಲಿಸಿತು. ನೈಟ್ ಶಿಫ್ಟಿನ ಗೋಡೆಯ ಮೇಲಿನ ಸ್ಕ್ರೀನು ಕೊನೆಯ ಹದಿನೈದು ನಿಮಿಷವನ್ನು ಮಾತ್ರ ತೋರಿಸುತ್ತೆ. ಆ ಹುಡುಗಿ 21:40ರಲ್ಲಿ ನೋಡಿದಾಗ ಅಲ್ಲಿ ಏನೂ ಇರಲಿಲ್ಲ. 22:31ಕ್ಕೆ ತೆಂಗಿನಮರ ಎದ್ದಾಗ ಆ ಜಾಗ ಅವಳ ಸ್ಕ್ರೀನಿನಿಂದ ಆಚೆ ಹೋಗಿತ್ತು. ಸೋಮವಾರ ಕೂತು ಹಿಂದಕ್ಕೆ ನೋಡುವ ನಮಗೆಲ್ಲ ಅದು ಶನಿವಾರವೇ ಇದ್ದ ಹಾಗೆ ಕಾಣುತ್ತೆ. ಲಾಗು ಸುಳ್ಳು ಹೇಳಲ್ಲ ಅಂತಾರೆ. ನಿಜ. ಆದರೆ ತಾನು ಯಾವಾಗ ಬಂದೆ ಅನ್ನೋದನ್ನು ಕೇಳದೆ ಇದ್ರೆ ಅದಾಗೇ ಹೇಳಲ್ಲ.

ಸರಿ, ರೂಲಿಗೆ ಯಾಕೆ ಸಿಗಲಿಲ್ಲ? ಇಲ್ಲಿ ನನ್ನ ಹೊಟ್ಟೆಯೊಳಗೆ ಏನೋ ಆಗೋಕೆ ಶುರುವಾಯ್ತು.

ರೂಲಿನ ಟೈಮಿಂಗ್‌ನಲ್ಲಿ ಮುಖ್ಯವಾಗಿ ಎರಡು ಖಾನೆ. ಎಷ್ಟು ನಿಮಿಷಕ್ಕೊಮ್ಮೆ ಓಡಬೇಕು ಅನ್ನೋದು ಒಂದು. ಓಡಿದಾಗ ಅದರ ಮೇಲೆ ಇನ್ನೂ ಎಷ್ಟು ಹಿಂದಕ್ಕೆ ತಿರುಗಿ ನೋಡಬೇಕು ಅನ್ನೋದು ಇನ್ನೊಂದು; ಇದಕ್ಕೆ ಲುಕ್‌ಬ್ಯಾಕ್ ಅಂತಾರೆ. ಹೊಸ ರೂಲ್ ಮಾಡಿದರೆ ಇಲಾಸ್ಟಿಕ್ ತಾನಾಗಿ 5 ನಿಮಿಷ ಮತ್ತು 1 ನಿಮಿಷ ಅಂತ ತುಂಬಿಕೊಡುತ್ತೆ. ಅಂದರೆ ಐದು ನಿಮಿಷಕ್ಕೊಮ್ಮೆ ಎದ್ದು, ಹಿಂದಿನ ಆರು ನಿಮಿಷದಲ್ಲಿ ನಡೆದದ್ದನ್ನು ನೋಡುತ್ತೆ. ಆ ಒಂದು ನಿಮಿಷ, ಚೂರುಪಾರು ತಡವಾಗಿ ಬರುವವರಿಗೋಸ್ಕರ. ಎಷ್ಟು ತಡ ಅನ್ನೋದು ನಿಮ್ಮ ಊರಿನ ಲೈನು ನೋಡಿಕೊಂಡು ನೀವೇ ಹಾಕಿಕೊಳ್ಳಬೇಕು.

ನಮ್ಮಲ್ಲಿ ಮೊದಲು ಲುಕ್‌ಬ್ಯಾಕ್ ಒಂದು ಗಂಟೆ ಇತ್ತು. ಆರು ತಿಂಗಳ ಹಿಂದೆ ಅದನ್ನು ಒಂದು ನಿಮಿಷಕ್ಕೆ ಇಳಿಸಿದವನು ನಾನೇ.

ಕಾರಣ ಇತ್ತು. ಇರೋದು ಮೂರು ಸರ್ವರು. ಕ್ಲೌಡಾದರೆ ಕಾರ್ಡ್ ಉಜ್ಜಿ ನಾಲ್ಕನೆಯದು ತರಬಹುದು, ಇಲ್ಲಿ ಒಂದು ಸರ್ವರ್ ಬೇಕೆಂದರೆ ಕೊಟೇಶನ್ನು, ಅಪ್ರೂವಲ್ಲು ಅಂತ ವರ್ಷ ಕಳೆಯುತ್ತೆ. ಐದು ನಿಮಿಷಕ್ಕೊಮ್ಮೆ ಅರವತ್ತೈದು ನಿಮಿಷ ಹಿಂದಕ್ಕೆ ನೋಡುವ ರೂಲು ಒಂದೇ ಲಾಗನ್ನು 13 ಸಲ ಓದುತ್ತೆ. ಒಂದೇ ಲಾಗಿಗೆ ಎರಡನೇ ಸಲ ಅಲರ್ಟ್ ಬರೆಯದ ಹಾಗೆ ಸಾಫ್ಟ್‌ವೇರು ನೋಡಿಕೊಳ್ಳಬಹುದು, ಆದರೆ ಓದುವ ಖರ್ಚಂತೂ ಇದ್ದೇ ಇರುತ್ತೆ. ಅಂಥ ರೂಲುಗಳು ನೂರಾರು. ಎಲ್ಲ ಸ್ಲೋ ಆಗ್ತಿತ್ತು, ಬೈಗುಳ ಬರ್ತಿತ್ತು. ನಾನು ಒಂದು ಶುಕ್ರವಾರ ಕೂತು ಎಲ್ಲವನ್ನೂ ಒಂದು ನಿಮಿಷಕ್ಕೆ ಇಳಿಸಿದೆ. ಸೋಮವಾರ ಸಿಸ್ಟಮ್ಮು ಹಕ್ಕಿ ಥರ ಹಾರ್ತಿತ್ತು. ಅಪ್ರೈಸಲ್ಲಿನಲ್ಲಿ ಅದು ನನ್ನ ಮೊದಲ ಪಾಯಿಂಟು.

ಹಳೇ ಲುಕ್‌ಬ್ಯಾಕ್ ಇದ್ದಿದ್ದರೆ ಏನಾಗ್ತಿತ್ತು ಅಂತ ಪೇಪರಿನ ಮೇಲೆ ಲೆಕ್ಕ ಹಾಕಿದೆ. 22:35ಕ್ಕೆ ಓಡುವ ರೂಲು 21:30ರಿಂದ ನೋಡ್ತಿತ್ತು. 43 ಲಾಗೂ ಸಿಗ್ತಿದ್ದವು. ಅಲರ್ಟು ಬರ್ತಿತ್ತು. ಈಗ 22:35ಕ್ಕೆ ಓಡಿದ ರೂಲು 22:29ರಿಂದ ಈಚೆಗೆ ನೋಡಿ, ಏನೂ ಇಲ್ಲ ಅಂತ ಹಸಿರು ಟಿಕ್ ಹಾಕಿ ಮಲಗಿತ್ತು.

ಆ ಹಸಿರು ಟಿಕ್ಕೇ ನನ್ನನ್ನು ಹೆಚ್ಚು ಹೆದರಿಸಿದ್ದು. ಸರ್ವರ್ ರೀಸ್ಟಾರ್ಟ್ ಆಗಿ ಅಥವಾ ಕೆಲಸ ಜಾಸ್ತಿಯಾಗಿ ರೂಲೇ ತಡವಾಗಿ ಓಡಿದರೆ, ನಡುವೆ ಇಷ್ಟು ಹೊತ್ತು ನೋಡಿಲ್ಲ, ಗ್ಯಾಪ್ ಬಿದ್ದಿದೆ ಅಂತ ಸಾಫ್ಟ್‌ವೇರೇ ತೋರಿಸುತ್ತೆ. ನಮ್ಮ ರೂಲು ತಡ ಮಾಡಿರಲಿಲ್ಲ. ಸರಿಯಾದ ಹೊತ್ತಿಗೆ ಎದ್ದಿತ್ತು, ಹೇಳಿದಷ್ಟು ನೋಡಿತ್ತು, ಹೇಳಿದ ಹಾಗೆ ಮಲಗಿತ್ತು. ತಡವಾದದ್ದು ಲಾಗು. ಅದಕ್ಕೆ ಕೆಂಪು ದೀಪ ಇಲ್ಲ.

ಮ್ಯಾನೇಜರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಇನ್ನೊಂದು ಸಲ ಚೆಕ್ ಮಾಡೋಣ ಅಂದುಕೊಂಡೆ. ಹೋಮ್ ಲೋನ್ ನೆನಪಾಯ್ತು, ಮುಂದಿನ ತಿಂಗಳ ಪ್ರಮೋಷನ್ ಲಿಸ್ಟು ನೆನಪಾಯ್ತು. ಲೈನ್ ಹೋದದ್ದು ಶಾಖೆಯವರ ತಪ್ಪಲ್ವಾ, ಡೀಫಾಲ್ಟೇ ಒಂದು ನಿಮಿಷ ಅಲ್ವಾ, ನಾನು ಡೀಫಾಲ್ಟ್ ಹಾಕಿದ್ದು ತಪ್ಪಾ ಅಂತ ನನ್ನ ಪರವಾಗಿ ನಾನೇ ವಾದ ಮಾಡಿದೆ. ಮಂಗಳವಾರ ಬೆಳಗ್ಗೆ ಆ ಹುಡುಗಿಯ ಶಿಫ್ಟ್ ರಿಪೋರ್ಟುಗಳನ್ನೆಲ್ಲ ಕೇಳಿ ಮೇಲ್ ಬಂತು. ಆಗಲೂ ಸುಮ್ಮನಿದ್ದೆ.

ಮಂಗಳವಾರ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ನೆನಪಾದದ್ದು ನಮ್ಮೂರಿನ ಹಾಲಿನ ಡೈರಿ.

ನಮ್ಮಪ್ಪ ಇಪ್ಪತ್ತೆರಡು ವರ್ಷ ಡೈರಿ ಸೆಕ್ರೆಟರಿ. ತಿಪಟೂರು ಕಡೆಯ ಸಣ್ಣ ಊರು ನಮ್ಮದು. ಬೆಳಗ್ಗೆ ಆರಕ್ಕೆ ಡೈರಿ ಬಾಗಿಲು ತೆಗೀಬೇಕು, ಏಳೂವರೆಗೆ ಕ್ಯಾನ್ ತುಂಬಿಕೊಂಡು ಹೋಗೋಕೆ ವ್ಯಾನು. ಸಾಲಾಗಿ ಬಂದವರ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ಡಿಗ್ರಿ ನೋಡಿ, ಅಳೆದು, ಪಾಸ್‌ಬುಕ್ಕಿಗೆ ಬರೆದು ಕೊಡೋದು. ರಜೆ ಇದ್ದಾಗ ಬರೆಯುವ ಕೆಲಸ ನನ್ನದು. ಕೆರೆ ಆಚೆಯ ತೋಟದ ಮನೆಯಿಂದ ಒಬ್ಬ ಅಜ್ಜಿ ಬರ್ತಿದ್ದರು. ಒಂದೇ ಹಸು, ಎರಡು ಲೀಟರ್ ಹಾಲು. ಏರಿ ಮೇಲೆ ಕಾಲೆಳೆದುಕೊಂಡು ಬರುವಷ್ಟರಲ್ಲಿ ಏಳೂಕಾಲು, ಏಳೂ ಇಪ್ಪತ್ತು. ಎಲ್ಲರದೂ ಮುಗಿದಿದ್ದರೂ ಅಪ್ಪ ಕೊನೇ ಕ್ಯಾನಿನ ಮುಚ್ಚಳ ಹಾಕುತ್ತಿರಲಿಲ್ಲ. "ಇನ್ನೊಬ್ರು ಬರ್ಬೇಕು ಇರಪ್ಪ" ಅನ್ನೋರು.

ಒಂದು ದಿನ ವ್ಯಾನು ಏಳಕ್ಕೇ ಬಂತು. ಡ್ರೈವರಿಗೆ ಅವಸರ. ಅಪ್ಪ ಮುಚ್ಚಳ ಹಾಕಿ ಕಳಿಸಿಬಿಟ್ಟರು. ಅಜ್ಜಿ ಎಂದಿನ ಹೊತ್ತಿಗೇ ಬಂದು, ಖಾಲಿ ಕಟ್ಟೆ ನೋಡಿ, "ತಡಾಗೋಯ್ತೇನೋ ಮಗ" ಅಂದರು. ಅಪ್ಪ ಆ ಹಾಲನ್ನು ತಾವೇ ತಗೊಂಡು, ಅಂಗಿ ಜೇಬಿನಿಂದ ದುಡ್ಡು ಕೊಟ್ಟು, ನನ್ನ ಕೈಲಿ ಮನೆಗೆ ಕಳಿಸಿದರು. ಅವ್ವ ಹೆಪ್ಪು ಹಾಕಿದಳು. ಏಳನೇ ಕ್ಲಾಸಿನ ನಾನು ದೊಡ್ಡ ನ್ಯಾಯವಂತ. "ಲೇಟಾಗಿ ಬಂದಿದ್ದು ಅಜ್ಜಿ, ದುಡ್ಡು ನೀನ್ಯಾಕೆ ಕೊಟ್ಟೆ?" ಅಂತ ಕೇಳಿದೆ. ಅಪ್ಪ ಪುಸ್ತಕದಿಂದ ತಲೆ ಎತ್ತದೆ ಹೇಳಿದರು: "ಅವ್ಳು ಬರೋ ಹೊತ್ತು ನಂಗೊತ್ತಿತ್ತಲ್ಲಪ್ಪ. ಗೊತ್ತಿದ್ದೂ ಮುಚ್ಚಿದೋನು ನಾನು."

ನನಗೂ ಗೊತ್ತಿತ್ತು. ಶಾಖೆಗಳ ಲೈನ್ ಮಳೆಗೆ ಹೋಗುತ್ತೆ ಅಂತ, ಹೋದರೆ ಮುಕ್ಕಾಲು ಗಂಟೆ, ಒಂದು ಗಂಟೆ ಆಗುತ್ತೆ ಅಂತ. ಮೊದಲಿದ್ದ ಒಂದು ಗಂಟೆಯನ್ನು ಯಾರೋ ಸುಮ್ಮನೆ ಹಾಕಿರಲಿಲ್ಲ. ಯಾಕೆ ಹಾಕಿದ್ದರು ಅಂತ ನಾನು ಕೇಳದೆ ಮುಚ್ಚಳ ಹಾಕಿದ್ದೆ.

ಬುಧವಾರ ಬೆಳಗ್ಗೆ ಮೇಲ್ ಬರೆದೆ. ನಾಲ್ಕೇ ಸಾಲು. ಲಾಗು ಬಂದದ್ದು 22:31ಕ್ಕೆ, ಶಿಫ್ಟಿನಲ್ಲಿದ್ದವರಿಗೆ ಕಾಣುವ ಸಾಧ್ಯತೆಯೇ ಇರಲಿಲ್ಲ, ಲುಕ್‌ಬ್ಯಾಕ್ ಇಳಿಸಿದವನು ನಾನು, ಇಳಿಸುವ ಮುಂಚೆ ಶಾಖೆಗಳ ಲಾಗು ಎಷ್ಟು ತಡವಾಗಿ ಬರುತ್ತೆ ಅಂತ ಅಳೆದಿರಲಿಲ್ಲ. ಒಂದೂವರೆ ದಿನ ತಡವಾಗಿ ಹೇಳ್ತಿದ್ದೀನಿ ಅನ್ನೋದನ್ನು ಮಾತ್ರ ಬರೆಯಲಿಲ್ಲ. ಅದಕ್ಕೆ ಧೈರ್ಯ ಸಾಲಲಿಲ್ಲ. ಈಗ ಬರೀತಿದ್ದೀನಿ.

ಮ್ಯಾನೇಜರ್ ಕಿರುಚಲಿಲ್ಲ. "ಮೊದಲೇ ಹೇಳಬಹುದಿತ್ತು" ಅಂದರು, ಅಷ್ಟೆ. ಕ್ಲೈಂಟಿನವರು ಪ್ರತಿಯೊಂದು ರೂಲಿನ ಟೈಮಿಂಗ್ ಯಾಕೆ ಹೀಗಿದೆ ಅಂತ ಲಿಖಿತವಾಗಿ ಕೇಳಿದರು. ಪ್ರಮೋಷನ್ ಲಿಸ್ಟಿನಲ್ಲಿ ನನ್ನ ಹೆಸರು ಆ ವರ್ಷ ಬರಲಿಲ್ಲ. ಇದರಿಂದಲೇ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಹುಡುಗಿಯ ಕಾಂಟ್ರಾಕ್ಟು ಮುಂದುವರಿಯಿತು.

ಆಮೇಲೆ ನಾವಿಬ್ಬರೂ ಕೂತು ಸರಿಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ. ಇಂಥದ್ದೇ ಕೆಲಸ ಮಾಡುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಮೊದಲು ಅಳೆದೆವು. ಒಂದು ತಿಂಗಳ ಲಾಗು ತೆಗೆದು, ಬಂದ ಹೊತ್ತಿನಿಂದ ನಡೆದ ಹೊತ್ತನ್ನು ಕಳೆದೆವು. ಎಲ್ಲ ಮೆಷಿನ್ನಿನದೂ ಸೇರಿಸಿ ಸರಾಸರಿ ತೆಗೆದರೆ ಕೆಲವು ಸೆಕೆಂಡು, ನೋಡೋಕೆ ಚಂದ. ಒಂದೊಂದು ಶಾಖೆಯದನ್ನೂ ಬೇರೆ ಬೇರೆ ನೋಡಿದಾಗ ನಿಜ ಗೊತ್ತಾಯ್ತು. ಸರಾಸರಿ ತೆಗೆದರೆ ಕೆರೆ ಆಚೆಯ ಅಜ್ಜಿ ಕಾಣೋದೇ ಇಲ್ಲ.

ಈ ಅಳತೆಯಲ್ಲೇ ಒಂದು ತಮಾಷೆಯೂ ಸಿಕ್ಕಿತು. ಒಂದು ಹಳೇ ಮೆಷಿನ್ನಿನ ಲಾಗುಗಳು ನಡೆಯುವುದಕ್ಕೆ ಐದೂವರೆ ಗಂಟೆ ಮುಂಚೆಯೇ ಬಂದು ಸೇರ್ತಿದ್ದವು! ಅದು ಭಾರತದ ಟೈಮನ್ನು ಬರೀತಿತ್ತು, ಯಾವ ದೇಶದ್ದು ಅಂತ ಬರೀತಿರಲಿಲ್ಲ. ನಮ್ಮ ಸಿಸ್ಟಮ್ಮು ಅದನ್ನು ಯುಟಿಸಿ ಅಂತ ಓದಿಕೊಳ್ತಿತ್ತು. ಅಲ್ಲಿ ಬೆಳಗ್ಗೆ ಹತ್ತಕ್ಕೆ ಏನಾದರೂ ಆದರೆ ನಮ್ಮ ರೂಲಿಗೆ ಅದು ಮಧ್ಯಾಹ್ನ ಮೂರೂವರೆಗೆ ಆದ ಹಾಗೆ. ಅಲರ್ಟೂ ಮೂರೂವರೆಗೇ. 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶ ಗಡಿಯಾರಗಳನ್ನೆಲ್ಲ ಎನ್‌ಐಸಿ ಅಥವಾ ಎನ್‌ಪಿಎಲ್ ಟೈಮ್ ಸರ್ವರಿಗೆ ಹೊಂದಿಸಿ ಅಂದಿತ್ತು, ಲಾಗುಗಳನ್ನು 180 ದಿನ ಇಡಿ ಅಂದಿತ್ತು, ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಿ ಅಂದಿತ್ತು. ನಮ್ಮ ಗಡಿಯಾರಗಳು ಸರಿಯಾಗೇ ಇದ್ದವು. ಓದುವ ರೀತಿ ತಪ್ಪಾಗಿತ್ತು. ಗಮನಕ್ಕೇ ಬಾರದಿದ್ದರೆ ಆರು ಗಂಟೆಯ ಲೆಕ್ಕ ಶುರುವಾಗೋದಾದರೂ ಹೇಗೆ?

ಹೆಡ್ ಆಫೀಸಿನ ಮೆಷಿನ್ನುಗಳಿಗೆ ಐದು ಮತ್ತು ಒಂದು ನಿಮಿಷವೇ ಸಾಕು ಅಂತ ಬಿಟ್ಟೆವು. ಶಾಖೆಗಳ ರೂಲುಗಳನ್ನು ಬೇರೆ ಮಾಡಿ, ನಡೆದ ಹೊತ್ತಿನ ಬದಲು ಬಂದು ಸೇರಿದ ಹೊತ್ತನ್ನು ನೋಡು ಅಂತ ಬದಲಾಯಿಸಿದೆವು. ಟೈಮ್‌ಸ್ಟ್ಯಾಂಪ್ ಓವರ್‌ರೈಡ್ ಅಂತ ಅದಕ್ಕೊಂದು ಖಾನೆ ಇದೆ. ಹಳೇ ಮೆಷಿನ್ನುಗಳ ಲಾಗಿನಲ್ಲಿ ಬಂದ ಹೊತ್ತೇ ಇರಲಿಲ್ಲ, ಒಳಗೆ ಬರುವ ದಾರಿಯಲ್ಲೇ ಅದನ್ನು ಬರೆದುಕೊಳ್ಳುವ ಏರ್ಪಾಡು ಮಾಡಿದೆವು. ಈಗ ಲಾಗು ಒಂದು ಗಂಟೆ ತಡವಾಗಲಿ, ಒಂದು ದಿನ ತಡವಾಗಲಿ, ಬಂದಾಗ ರೂಲು ನೋಡೇ ನೋಡುತ್ತೆ.

ಇದರಲ್ಲೂ ಬಿಟ್ಟಿ ಏನಿಲ್ಲ. ಮೂರು ಗಂಟೆ ಲೈನ್ ಹೋಗಿ ಬಂದರೆ, ಆ ಮೂರು ಗಂಟೆಯಲ್ಲಿ ಬೆಳಗ್ಗೆಯ ಗಡಿಬಿಡಿಗೆ ಅಲ್ಲೊಂದು ಇಲ್ಲೊಂದು ತಪ್ಪಾದ ಪಾಸ್‌ವರ್ಡೆಲ್ಲ ಎರಡೇ ನಿಮಿಷದಲ್ಲಿ ಬಂದು ಬೀಳುತ್ತವೆ. ಬಂದ ಹೊತ್ತು ನೋಡುವ ರೂಲಿಗೆ ಎಲ್ಲವೂ ಒಟ್ಟಿಗೆ ಆದ ಹಾಗೆ ಕಾಣುತ್ತೆ, ಹತ್ತು ದಾಟಿತು ಅಂತ ಕೂಗುತ್ತೆ. ಸುಳ್ಳು ಅಲರ್ಟು. ನೋಡುವವರ ಟೈಮು ಹೋಗುತ್ತೆ. ಅದಕ್ಕೇ ಎಣಿಸುವ ರೂಲುಗಳಿಗೆ ಮಾತ್ರ ನಡೆದ ಹೊತ್ತನ್ನೇ ಉಳಿಸಿ, ಲುಕ್‌ಬ್ಯಾಕನ್ನು ಮತ್ತೆ ಒಂದು ಗಂಟೆಗೆ ಏರಿಸಿದೆವು. ಇನ್ನೂ ತಡವಾಗಿ ಬರುವವರಿಗೆ ಒಂದು ನಿಧಾನದ ರೂಲು: ಗಂಟೆಗೊಮ್ಮೆ ಎದ್ದು ಇಡೀ ದಿನವನ್ನು ಹಿಂದಕ್ಕೆ ನೋಡುತ್ತೆ. ಅವಸರ ಇಲ್ಲ, ಭಾರವೂ ಹೆಚ್ಚಿಲ್ಲ. ಕೊನೆಯದಾಗಿ, ಯಾವುದಾದರೂ ಶಾಖೆ ಅರ್ಧ ಗಂಟೆ ಸುಮ್ಮನಿದ್ದರೆ ಅದಕ್ಕೇ ಒಂದು ಅಲರ್ಟು. ಅಪ್ಪ ಕೂಡ ಎರಡು ದಿನ ಅಜ್ಜಿ ಬಾರದಿದ್ದರೆ ಯಾರನ್ನಾದರೂ ತೋಟದ ಮನೆಗೆ ಕಳಿಸೋರು.

ಪ್ರತಿ ರೂಲಿನ ನೋಟ್ಸ್ ಜಾಗದಲ್ಲಿ ಈ ಸಂಖ್ಯೆ ಯಾಕೆ, ಯಾವಾಗ ಅಳೆದದ್ದು, ಬದಲಾಯಿಸುವ ಮುಂಚೆ ಏನು ನೋಡಬೇಕು ಅಂತ ಬರೆಯುವುದು ಆ ಹುಡುಗಿಯ ಐಡಿಯಾ. ನನ್ನ ಹಾಗೆ ಇನ್ನೊಬ್ಬ ಶುಕ್ರವಾರ ಉತ್ಸಾಹದಿಂದ ಕೂತರೆ, ಮುಚ್ಚಳ ಹಾಕುವ ಮುಂಚೆ ಅದನ್ನು ಓದಲಿ ಅಂತ.

ಮೊನ್ನೆ ಊರಿಗೆ ಹೋದಾಗ ಅಪ್ಪನ ಹತ್ತಿರ ಆ ದಿನದ ಕಥೆ ತೆಗೆದೆ. "ಯಾವ ಅಜ್ಜಿ?" ಅಂದರು. ಕೆರೆ ಆಚೆಯೋರು, ವ್ಯಾನು ಬೇಗ ಬಂದಿತ್ತಲ್ಲ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಇರ್ಬೌದು. ಡೈರಿಲಿ ದಿನಾ ಅಂಥದ್ದೊಂದು ಇರ್ತಿತ್ತು" ಅಂದು ತೆಂಗಿನ ಸುಳಿಗೆ ಬಿದ್ದಿರೋ ಹುಳುವಿನ ವಿಷಯಕ್ಕೆ ಹೋದರು. ಡೈರಿಗೆ ಈಗ ಮೆಷಿನ್ ಬಂದಿದೆ. ತೂಕ, ಫ್ಯಾಟು ಎಲ್ಲ ಅದೇ ಓದಿ ಚೀಟಿ ಕೊಡುತ್ತೆ.

ಆಫೀಸಿನಲ್ಲಿ ಆ ನಿಧಾನದ ರೂಲಿಗೆ ಒಂದು ಉದ್ದದ ಇಂಗ್ಲಿಷ್ ಹೆಸರಿದೆ. ಯಾರೂ ಅದನ್ನು ಹೇಳಲ್ಲ. ಮಳೆ ಬಂದ ರಾತ್ರಿಯ ಮಾರನೇ ದಿನ ನಾನು ಸೀಟಿಗೆ ಬರುವ ಮೊದಲೇ ಗದಗದ ಹುಡುಗಿ ಕೇಳ್ತಾಳೆ: "ಸರ್, ರಾತ್ರಿ ಅಜ್ಜಿ ಎಷ್ಟೊತ್ತಿಗೆ ಬಂದ್ಲು, ನೋಡಿದ್ರೇನ್ರಿ?"